ಬೇರೆಯಾದ ದಿನಾಂಕ

ಆಗಸ್ಟ್ 4, 2025, ಸೋಮವಾರ, ಗಿರಾವೀನ್, ಸಿಡ್ನಿ

ಒಂದು ತಾಸು ಐವತ್ತು ನಿಮಿಷ! ಬೆಳಿಗ್ಗೆ ಒಂಬತ್ತಕ್ಕೆ ಸರ್ಕಾರಿ ಭತ್ಯೆ ಕಚೇರಿಗೆ ಫೋನು ಹಚ್ಚಿ ಕೂತವಳು ಹನ್ನೊಂದಾಗುವ ತನಕ ಅದೇ ಪಿಯಾನೋ ಕೇಳಿದೆ. ನಡುನಡುವೆ ‘ನಿಮ್ಮ ಕರೆ ನಮಗೆ ಮುಖ್ಯ’ ಎಂದು ಒಂದು ದನಿ ಬೇರೆ. ಮುಖ್ಯವಾಗಿದ್ದರೆ ಎತ್ತಬೇಕಿತ್ತಲ್ಲ ತಾಯಿ! ಕೊನೆಗೆ ಯಾರೋ ಎತ್ತಿ ‘ಹಲೋ’ ಅಂದರು. ನಾನು ‘ಸಂಧ್ಯಾರಾಣಿ’ ಎಂದು ಹೆಸರು ಹೇಳಿ ಮುಗಿಸುವಷ್ಟರಲ್ಲಿ ಲೈನು ಕಟ್ಟಾಯಿತು. ಫೋನನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು. ಸೋಫಾದ ಮೇಲೆ ಎಸೆದೆ, ಹೊಸದು ಕೊಡಿಸುವವರು ಯಾರು?

ಹೇಳಿ ಕೇಳಿ ನಾನು ಹದಿನಾಲ್ಕು ವರ್ಷ ಪ್ಯಾರಾಮಟ್ಟಾದ ವಿಮಾ ಕಂಪನಿಯಲ್ಲಿ ಜನರ ಕ್ಲೇಮು ನೋಡಿದವಳು. ಕಾರಿನ ಮೇಲೆ ಬಿದ್ದ ಮರ, ನೀರು ನುಗ್ಗಿದ ಗ್ಯಾರೇಜು, ಕಳುವಾದ ಬಳೆ. ಯಾರ ಫಾರಂನಲ್ಲಿ ಸುಳ್ಳಿದೆ ಎಂದು ಎರಡನೇ ಪುಟಕ್ಕೇ ಹೇಳಿಬಿಡುತ್ತಿದ್ದೆ. ನಷ್ಟ ಯಾವ ದಿನ ಆಯಿತು ಎಂದು ಹೇಳಲಾರದವನ ಕ್ಲೇಮು ಮುಂದಕ್ಕೆ ಹೋಗಕೂಡದು ಎಂಬುದು ನಮ್ಮ ಮೊದಲ ಪಾಠ. ಅಂಥವಳು ಈಗ ಮೇಜಿನ ಈಚೆ ಕಡೆ ಕೂತಿದ್ದೇನೆ.

ಮಾರ್ಚ್‌ನಲ್ಲಿ ಕಂಪನಿ ನಮ್ಮ ಇಡೀ ವಿಭಾಗವನ್ನು ಮೆಲ್ಬರ್ನ್‌ಗೆ ಎತ್ತಿಕೊಂಡು ಹೋಯಿತು. ಬರುವವರಿಗೆ ಅದೇ ಕೆಲಸ, ಅದೇ ಸಂಬಳ. ಬರಲೊಲ್ಲದವರು ತಾವಾಗಿಯೇ ಹೆಸರು ಕೊಟ್ಟು ‘ವಾಲಂಟರಿ ರಿಡಂಡೆನ್ಸಿ’ ತೆಗೆದುಕೊಂಡು, ಇಪ್ಪತ್ತು ವಾರದ ಸಂಬಳದೊಂದಿಗೆ ಮನೆಗೆ ಹೋಗಬಹುದು. ನಾನು ಮೊದಲ ದಿನವೇ ಹೆಸರು ಕೊಟ್ಟೆ. ಪಕ್ಕದ ಡೆಸ್ಕಿನ ಭಾಸ್ಕರ, “ಏನ್ ಮೇಡಂ, ನಿಮ್ಮವರು ಮೆಲ್ಬರ್ನ್‌ನಲ್ಲೇ ಇದಾರಲ್ಲ, ನಿಮಗಂತೂ ಹಬ್ಬ ಅನ್ಕೊಂಡಿದ್ವಿ” ಎಂದ. “ಅಲ್ಲಿ ಥಂಡಿ ನನಗ ಆಗಿಬರೂದಿಲ್ಲಪಾ” ಎಂದೆ. ನಿಜವೇ ತಾನೆ, ಮೆಲ್ಬರ್ನ್ ಥಂಡಿ ಎಲುಬಿಗೇ ಇಳಿಯುತ್ತದೆ.

ಇಪ್ಪತ್ತು ವಾರ ಮುಗಿದವು. ಹಾಕಿದ ಅರ್ಜಿಗಳಿಗೆ ಲೆಕ್ಕವಿಲ್ಲ. ಸಂದರ್ಶನ ಎರಡು ಕಡೆ ಆಯಿತು, ಎರಡೂ ಕಡೆ ನನ್ನ ಮಗಳ ವಾರಗೆಯವರು ನಕ್ಕು ಕಳಿಸಿದರು. ಹಾಗಾಗಿ ಈಗ ಸರ್ಕಾರದ ನಿರುದ್ಯೋಗ ಭತ್ಯೆ. ಕೈಯಲ್ಲಿದ್ದ ಉಳಿತಾಯದ ಜೊತೆ ಅದೂ ಸಿಕ್ಕರೆ ಇನ್ನೊಂದು ಕೆಲಸ ಆಗುವವರೆಗೆ ಈ ಯೂನಿಟ್ಟಿನ ರೆಂಟ್ ಕಟ್ಟಿಕೊಂಡು ಇಲ್ಲಿಯೇ ಇರಬಹುದು. ಸಿಗದಿದ್ದರೆ ಸಾಮಾನು ಕಟ್ಟಿಕೊಂಡು ಮೆಲ್ಬರ್ನ್‌ಗೆ ಹೋಗಬೇಕು. ಅದರ ಮಾತು ಬೇಡ.

ಆಗಸ್ಟ್ 7, ಗುರುವಾರ

ಆನ್‌ಲೈನ್ ಅರ್ಜಿ. ಮದುವೆ ಆಗಿದೆಯೇ? ಆಗಿದೆ. ಗಂಡ ನಿಮ್ಮ ಜೊತೆಗೇ ವಾಸವೇ? ಅಲ್ಲ. ಯಾಕೆ? ‘ಅವರ ಕೆಲಸ ಅಲ್ಲಿದೆ’ ಎಂದು ಬರೆದೆ. ಕೆಂಪು ಗೆರೆ ಬಂತು. ‘ಉದ್ಯೋಗ’ ಎಂದು ಬರೆದೆ. ಮತ್ತೆ ಕೆಂಪು ಗೆರೆ. ಸುಡುಗಾಡು ಯಂತ್ರ, ಅದಕ್ಕೆ ಏನು ಬೇಕೋ ಅದನ್ನಾದರೂ ಹೇಳಬಾರದೇ!

ಇವರು, ಅಂದರೆ ನನ್ನ ಗಂಡ ವಿರುಪಾಕ್ಷ, ಆರು ವರ್ಷದ ಹಿಂದೆ ಮೆಲ್ಬರ್ನಿನ ಕ್ರೇಗಿಬರ್ನ್ ಹತ್ತಿರದ ಒಂದು ಗೋಡೌನಿನಲ್ಲಿ ಮ್ಯಾನೇಜರ್ ಕೆಲಸ ಸಿಕ್ಕು ಹೋದರು. ಒಂದೇ ವರ್ಷದ ಮಟ್ಟಿಗೆ ಅಂತ. ಆಮೇಲೆ ಕೊರೋನಾ ಬಂತು, ರಾಜ್ಯದ ಗಡಿ ಮುಚ್ಚಿದರು. ಆಮೇಲೆ ಮಗಳ ನರ್ಸಿಂಗ್ ಕೋರ್ಸು. ಆಮೇಲೆ ಇನ್ನೇನೋ. ಇದರಲ್ಲಿ ಕೆಂಪು ಗೆರೆ ಎಳೆಯುವಂಥದ್ದೇನಿದೆ? ನಮ್ಮಪ್ಪ ವರ್ಗವಾಗಿ ಒಂಬತ್ತು ವರ್ಷ ಬಳ್ಳಾರಿಯಲ್ಲಿದ್ದರು, ಅವ್ವ ಧಾರವಾಡದಲ್ಲಿ. ಯಾರೂ ಅವರಿಂದ ಫಾರಂ ತುಂಬಿಸಲಿಲ್ಲ.

ಇವರ ಟ್ಯಾಕ್ಸ್ ನಂಬರ್ ಬೇಕಿತ್ತು, ಫೋನ್ ಮಾಡಿದೆ.

“ಊಟಾ ಆತೇನ್ರಿ?”

“ಆತು. ನಿಂದು?”

“ಆತ್ರಿ. ಆ ಟ್ಯಾಕ್ಸ್ ನಂಬರ್ ಹೇಳ್ರಿ.”

ಹೇಳಿದರು, ಬರೆದುಕೊಂಡೆ. “ರೊಕ್ಕ ಬೇಕಾಗಿದ್ರ ಹೇಳು, ಕಳಸ್ತೀನಿ” ಎಂದರು. ಬ್ಯಾಡ ಎಂದೆ. ಅವರ ಕಡೆ ಟೀವಿಯಲ್ಲಿ ಕ್ರಿಕೆಟ್ ಕೇಳುತ್ತಿತ್ತು. ಇಡ್ಲೇನು ಎಂದರು. ಇಡ್ರಿ ಎಂದೆ. ನಾವು ಜಗಳವಾಡುವವರಲ್ಲ, ಅಷ್ಟರಮಟ್ಟಿಗೆ ದೇವರು ದೊಡ್ಡವನು.

ಆಗಸ್ಟ್ 8

ಪಾಸ್‌ವರ್ಡ್ ತಪ್ಪು ಅಂತ ಮೂರು ಸಲ ಬಂತು, ಆಮೇಲೆ ಖಾತೆಯೇ ಬಂದ್. ಇವತ್ತಿನ ಸಾಧನೆ ಇಷ್ಟೇ.

ಆಗಸ್ಟ್ 14, ಗುರುವಾರ

ಸೋಮವಾರ ಹೇಗೋ ಕಳಿಸಿದ ಅರ್ಜಿಗೆ ಕಾಗದ ಬಂತು: ನಿಮ್ಮ ಗಂಡನ ಸಂಬಳ ಹೆಚ್ಚು, ನಿಮಗೆ ಭತ್ಯೆ ಬರುವುದಿಲ್ಲ. ಓದಿ ಮೈ ಉರಿದುಹೋಯಿತು. ಇಪ್ಪತ್ತು ವರ್ಷದಿಂದ ಟ್ಯಾಕ್ಸ್ ಕಟ್ಟಿದವಳು ನಾನು, ಅವರ ಹೆಂಡತಿಯಾಗಿ ಕಟ್ಟಿದ್ದಲ್ಲ, ನನ್ನ ಹೆಸರಿನಲ್ಲಿ ಕಟ್ಟಿದ್ದು. ಕೊಡುವಾಗ ಮಾತ್ರ ನಾನು ಇನ್ನೊಬ್ಬರ ಹೆಂಡತಿಯೇ? ಸೀದಾ ಪ್ಯಾರಾಮಟ್ಟಾದ ಕಚೇರಿಗೆ ಹೋಗಿ ಟೋಕನ್ ತೆಗೆದುಕೊಂಡು ಕೂತೆ.

ಎರಡೂವರೆ ತಾಸಿನ ಮೇಲೆ ಒಬ್ಬಾಕೆ ಕರೆದಳು. ನನ್ನ ವಯಸ್ಸಿನವಳೇ, ಐವತ್ತರ ಮೇಲೆ. ಮಾತಿಗೊಮ್ಮೆ ಕೆಮ್ಮು, ಮಾಸ್ಕ್ ಕೆಳಗೆ ಮಾಡಿ ಕೆಮ್ಮುತ್ತಿದ್ದಳು ಪುಣ್ಯಾತ್ಗಿತ್ತಿ. ಪರದೆ ನೋಡುತ್ತ ಕೇಳಿದಳು: “ನಿಮ್ಮ ಕೆಲಸ ಮೆಲ್ಬರ್ನ್‌ಗೆ ಹೋಯಿತು. ನಿಮ್ಮ ಗಂಡ ಮೆಲ್ಬರ್ನ್‌ನಲ್ಲೇ ಇದ್ದಾರೆ. ನೀವು ಹೋಗಲಿಲ್ಲ. ಯಾಕೆ?”

“ಅಲ್ಲಿ ಚಳಿ” ಎಂದೆ.

ನನ್ನ ಮುಖ ನೋಡಿದಳು. ಆಮೇಲೆ ನನ್ನ ಕಣ್ಣೆದುರಿಗೇ ‘ಹವಾಮಾನ’ ಎಂದು ಟೈಪ್ ಮಾಡಿದಳು. ನನ್ನ ಹತ್ತಿರ ಯಾರಾದರೂ ಇಂಥ ಉತ್ತರ ತಂದಿದ್ದರೆ ಪೆನ್ಸಿಲಿನಿಂದ ಸುತ್ತು ಹಾಕಿ ಪಕ್ಕಕ್ಕಿಡುತ್ತಿದ್ದೆ, ಅದು ಬೇರೆ ಮಾತು.

ಆಮೇಲೆ ಪ್ರಶ್ನೆಗಳ ಸುರಿಮಳೆ. ಹುಷಾರಿಲ್ಲದಾಗ ಮೊದಲು ಯಾರಿಗೆ ಹೇಳುತ್ತೀರಿ? ಮಗಳಿಗೆ. ಗಂಡನ ಮನೆಯ ಕೀಲಿ ನಿಮ್ಮ ಹತ್ತಿರ ಇದೆಯೇ? ಇಲ್ಲ. ಕೊನೆಯ ಸಲ ಹಬ್ಬವೋ ಪ್ರವಾಸವೋ ಜೊತೆಗೆ ಮಾಡಿದ್ದು? ಹೋದ ದೀಪಾವಳಿಗೆ ಅವರಿಗೆ ರಜೆ ಸಿಗಲಿಲ್ಲ, ಅದರ ಹಿಂದಿನದಕ್ಕೆ ನನಗೆ. ಅವರು ಆಸ್ಪತ್ರೆ ಸೇರಿದ್ದುಂಟೇ? ಎರಡು ವರ್ಷದ ಹಿಂದೆ ಅಪೆಂಡಿಕ್ಸ್ ಒಡೆದಿತ್ತು. ಯಾರು ನೋಡಿಕೊಂಡರು? ಪಕ್ಕದ ಮನೆಯ ಯೋಗೀಶ ಅಂತ ಒಬ್ಬರಿದ್ದಾರೆ, ಅವರು. ಮುಂದೆ ಒಂದೇ ಮನೆಯಲ್ಲಿ ಇರುವ ಯೋಜನೆ ಇದೆಯೇ?

“ಇದೇನು ಪ್ರಶ್ನೆ?” ಎಂದು ಜೋರಾಗಿಯೇ ಕೇಳಿದೆ. ಪಕ್ಕದ ಕೌಂಟರಿನವರು ತಿರುಗಿ ನೋಡಿದರು.

ಅವಳು ಕೆಮ್ಮಿ, ಡ್ರಾಯರಿನಿಂದ ಒಂದು ಫಾರಂ ತೆಗೆದಳು. ನೀವಿಬ್ಬರೂ ಬೇರೆಯಾಗಿದ್ದೀರಿ ಎಂದಾದರೆ ಅವರ ಸಂಬಳ ಲೆಕ್ಕಕ್ಕೆ ಬರುವುದಿಲ್ಲ. ಬೇರೆಯಾದ ದಿನಾಂಕ ಬರೆಯಬೇಕು, ಸಂಬಂಧಿಕರಲ್ಲದ, ನಿಮ್ಮಿಬ್ಬರನ್ನೂ ಬಲ್ಲ ಒಬ್ಬರ ಸಹಿ ಬೇಕು. ಗಂಡ ತನ್ನ ಭಾಗವನ್ನು ಆನ್‌ಲೈನ್‌ನಲ್ಲೇ ತುಂಬಬಹುದು. ಸೆಪ್ಟೆಂಬರ್ ಹನ್ನೆರಡರೊಳಗೆ ಕೊಡಿ ಎಂದಳು.

“ನಾವು ಬೇರೆಯಾಗಿಲ್ಲ. ಅವರು ಅಲ್ಲಿದ್ದಾರೆ, ನಾನು ಇಲ್ಲಿದ್ದೇನೆ, ಅಷ್ಟೇ” ಎಂದೆ. “ಫಾರಂ ಇಟ್ಟುಕೊಂಡಿರಿ” ಎಂದಳು. ಏನು ಧಿಮಾಕು!

ಆಗಸ್ಟ್ 17, ಭಾನುವಾರ

ಮಧ್ಯಾಹ್ನ ಮಗಳು ನಿಹಾರಿಕಾ ಸಿಡ್ನಿಯಲ್ಲೇ ಇರುವ ಲಿವರ್‌ಪೂಲ್‌ನಿಂದ ಊಟಕ್ಕೆ ಬಂದಿದ್ದಳು. ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆದಮೇಲೆ ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಫ್ರಿಡ್ಜಿನ ಮೇಲಿದ್ದ ಫಾರಂ ತೆಗೆದು ಓದಿದಳು. ನೋಡು ಇವರ ಹುಚ್ಚಾಟ, ನಮ್ಮನ್ನ ಬೇರೆ ಆಗೀರಿ ಅಂತಾರ ಎಂದು ಅವಳಿಗೆ ನಗುತ್ತಲೇ ಹೇಳಿದೆ.

“ಐ ಥಾಟ್ ಯೂ ಗೈಸ್ ಆಲ್ರೆಡಿ ಸೆಪರೇಟೆಡ್, ಅಮ್ಮಾ” ಎಂದಳು. ಹೇಳಿ ಬೇಳೆ ಸಾರು ಬಡಿಸಿಕೊಂಡಳು.

“ಬಾಯಿ ಮುಚ್ಚು! ಏನ್ ಮಾತಂತ ಆಡ್ತಿ?”

“ವಾಟ್? ಐ ಡೋಂಟ್ ಮೈಂಡ್. ಜಸ್ಟ್ ಟೆಲ್ ಮಿ ನಾ.” ಸ್ವಲ್ಪ ಹೊತ್ತಿನ ಮೇಲೆ, “ಡಿಡ್ ಯೂ ಕಾಲ್ ಅಪ್ಪಾ ಟುಡೇ?” ಎಂದು ಕೇಳಿದಳು.

“ಇಲ್ಲ. ಯಾಕ, ಇವತ್ತೇನೈತಿ?”

“ನಥಿಂಗ್” ಎಂದಳು. ತಟ್ಟೆ ತೊಳೆದಿಟ್ಟು ಹೋದಳು. ಈ ದೇಶದಲ್ಲಿ ಬೆಳೆದ ಮಕ್ಕಳಿಗೆ ಬಾಯಿಗೆ ಬಂದದ್ದೇ ಮಾತು. ಸಾಯಂಕಾಲದವರೆಗೂ ನನ್ನ ತಲೆ ನೋಯುತ್ತಿತ್ತು.

ಆಗಸ್ಟ್ 22, ಶುಕ್ರವಾರ

ಇನ್ನೊಂದು ಕಡೆಯಿಂದಲೂ ಇಲ್ಲ ಎಂದು ಬಂತು. ರೆಂಟ್ ಏರಿಸುತ್ತೇವೆಂದು ಏಜೆಂಟನ ಈಮೇಲ್ ಬಂತು. ಎರಡೂ ಒಂದೇ ದಿನ ಬರಬೇಕೇ?

ಫಾರಂ ತುಂಬಿಬಿಡುತ್ತೇನೆ. ಅದು ಬರೀ ಕಾಗದ. ಕಾಗದದಲ್ಲಿ ಬರೆದ ಮಾತ್ರಕ್ಕೆ ಯಾರೂ ಬೇರೆಯಾಗುವುದಿಲ್ಲ. ಸಂಸಾರ ನನ್ನದು, ಅದು ಹೇಗಿದೆ ಎಂದು ನನಗೆ ಗೊತ್ತು. ಹದಿನಾಲ್ಕು ವರ್ಷ ಮಂದಿಯ ಸುಳ್ಳು ಹಿಡಿದಿದ್ದೇನೆ, ಒಂದು ಬರೆದರೆ ಭೂಮಿ ಬಾಯಿ ತೆರೆಯುವುದಿಲ್ಲ. ಇವರ ಭಾಗ ತುಂಬಿಸುವಾಗ ಇವರಿಗೆ ನಿಧಾನವಾಗಿ ಹೇಳಿದರಾಯಿತು. ಸಹಿಗೆ ಅಹಲ್ಯಾಳನ್ನು ಕೇಳುತ್ತೇನೆ, ನಾವು ಈ ಬೀದಿಗೆ ಬಂದಾಗಿನಿಂದ ಬಲ್ಲವಳು.

ಆಗಸ್ಟ್ 26, ಮಂಗಳವಾರ, ಗೌರಿ ಹಬ್ಬ

ನನ್ನಂಥ ದಡ್ಡಿ ಇನ್ನೊಬ್ಬಳಿರಲಿಕ್ಕಿಲ್ಲ.

ಅಹಲ್ಯಾ ಮೈಸೂರಿನವಳು. ಗೌರಿ ಹಬ್ಬದ ದಿನ ಮುತ್ತೈದೆಯರನ್ನು ಕರೆದು ಮೊರದ ಬಾಗಿನ ಕೊಡುವುದು ಅವರ ಕಡೆಯ ಪದ್ಧತಿ. ನಮ್ಮ ಕಡೆ ಇದು ಅಷ್ಟಾಗಿ ಇಲ್ಲ, ಆದರೂ ಪ್ರತಿವರ್ಷ ನನ್ನನ್ನು ಬಿಡುವುದಿಲ್ಲ. ಈ ದೇಶದಲ್ಲಿ ಬಿದಿರಿನ ಮೊರ ಎಲ್ಲಿಂದ ಬರಬೇಕು, ಅಗ್ಗದ ಅಂಗಡಿಯ ಬುಟ್ಟಿಯಲ್ಲೇ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಅರಿಶಿನ ಕುಂಕುಮ, ರವಿಕೆ ಖಣ ತುಂಬಿ, ಸೆರಗಿನಲ್ಲಿ ಮುಚ್ಚಿ ಕೊಟ್ಟಳು. “ನಿನ್ನ ಮುತ್ತೈದೆತನ ಗಟ್ಟಿಯಾಗಿರಲಿ ಕಣೇ” ಎಂದಳು. ಇಸಕೊಂಡೆ.

ಫಾರಂ ಬ್ಯಾಗಿನಲ್ಲೇ ಇತ್ತು. ಹೇಗೂ ಬಂದಿದ್ದೇನೆ, ಇನ್ನೊಂದು ಸಲ ಯಾಕೆ ಬರುವುದು ಎಂದುಕೊಂಡು, ಬಾಗಿನ ಕೆಳಗಿಟ್ಟು ಫಾರಂ ತೆಗೆದುಕೊಟ್ಟೆ. “ಅಹಲ್ಯಾ, ಇದಕ್ಕೊಂದು ಸಹಿ ಹಾಕಿಬಿಡು.”

ಕನ್ನಡಕ ಹಾಕಿಕೊಂಡು ಓದಿದಳು. ಅವಳ ಮುಖದ ಬಣ್ಣ ಇಳಿಯಿತು. “ಅಯ್ಯೋ ಸಂಧ್ಯಾ! ಇದೇನೇ ಇದು? ಹಬ್ಬದ ದಿನ, ಅದೂ ಬಾಗಿನ ತಗೊಂಡ ಕೈಯಲ್ಲಿ ಇಂಥದ್ದು ಕೊಡ್ತಾರೇನೇ?”

“ಬರೀ ಕಾಗದ ಅಹಲ್ಯಾ, ಭತ್ಯೆಗ ಬೇಕಾಗೇದ...”

ಕೇಳಿಸಿಕೊಂಡರೆ ತಾನೆ! ಕುಂಕುಮಕ್ಕೆ ಬಂದಿದ್ದ ಹೆಂಗಸರೆಲ್ಲ ಸುತ್ತ ನೆರೆದರು. ಅಹಲ್ಯಾ ಫಾರಂ ತೆಗೆದುಕೊಂಡು ಹೋಗಿ ಗೌರಿಯ ಮುಂದಿಟ್ಟಳು. ಅದರ ಮೇಲೆ ಅರಿಶಿನ, ಕುಂಕುಮ, ಅಕ್ಷತೆ ಹಾಕಿ, “ತಾಯಿ, ಇವಳಿಗೆ ಬುದ್ಧಿ ಕೊಡು” ಎಂದು ಕೈ ಮುಗಿದಳು. ಸರ್ಕಾರದ ಫಾರಂಗೆ ಪೂಜೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮರಳಿ ಕೈಗೆ ಬಂದಾಗ ‘ಬೇರೆಯಾದ ದಿನಾಂಕ’ ಎಂಬ ಮನೆಯ ಮೇಲೆ ದಪ್ಪ ಕೆಂಪು ಕಲೆ ಕೂತಿತ್ತು. ಒರೆಸಿದಷ್ಟೂ ಹರಡಿತು.

ಸಹಿ ಮಾತ್ರ ಹಾಕಲಿಲ್ಲ.

ಆಗಸ್ಟ್ 28, ಗುರುವಾರ

ಎರಡು ದಿನದಲ್ಲಿ ಹನ್ನೊಂದು ಫೋನು. ಮದುವೆ ಉಳಿಸಲು ಇಡೀ ಸಿಡ್ನಿ ಕನ್ನಡಿಗರು ಟೊಂಕ ಕಟ್ಟಿ ನಿಂತಿದ್ದಾರೆ. ಒಬ್ಬರು ಕೌನ್ಸೆಲರ್ ನಂಬರ್ ಕಳಿಸಿದರು, ಇನ್ನೊಬ್ಬರು ಯಾವುದೋ ಸ್ತೋತ್ರ. ಅಹಲ್ಯಾಳ ಗಂಡ ಲಕ್ಷ್ಮೀಶ ಮುಕ್ಕಾಲು ಗಂಟೆ ಮಾತಾಡಿದರು.

“ನೋಡಮ್ಮಾ, ವಿರುಪಾಕ್ಷ ಅವರಂಥ ಸಾಧು ಮನುಷ್ಯ ಇನ್ನೊಬ್ಬರಿಲ್ಲ. ಏನಾದ್ರೂ ಮನಸ್ತಾಪ ಇದ್ರೆ ಕೂತು ಮಾತಾಡೋಣ. ನಾನೇ ಅವರಿಗೆ ಫೋನ್ ಮಾಡಿ ಹೇಳಿದೀನಿ.”

“ಏನಂತ ಹೇಳಿದ್ರಿ?”

“ಸಂಧ್ಯಾ ಬೇರೆ ಆಗೋ ಫಾರಂ ತಗೊಂಡು ಓಡಾಡ್ತಿದಾಳೆ, ನೀವು ತಕ್ಷಣ ಬನ್ನಿ ಅಂತ.”

ನಾನು ಹೇಳುವ ಮೊದಲೇ ಇವರಿಗೆ ಹೀಗೆ ತಿಳಿಯಬೇಕೇ? ಈ ಅಹಲ್ಯಾಳ ಹತ್ತಿರ ಹೋದದ್ದೇ ನನ್ನ ತಪ್ಪು. ಫೋನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೇನೆ. ಇವರು ಮಾಡಿಲ್ಲ.

ಆಗಸ್ಟ್ 29

ಇವರು ಫೋನ್ ಮಾಡಿಲ್ಲ.

ಆಗಸ್ಟ್ 30, ಶನಿವಾರ

ಮಾಡಿದರು.

“ಲಕ್ಷ್ಮೀಶ ಅವರ ಫೋನ್ ಬಂದಿತ್ತು” ಎಂದರು. “ಅರ್ಧಾ ತಾಸು ಮಾತಾಡಿದ್ರು.”

ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಭತ್ಯೆ, ಕೆಂಪು ಗೆರೆ, ಕೆಮ್ಮಿನಾಕೆ, ಅವರ ಸಂಬಳ, ನನ್ನ ರೆಂಟ್. ಇದು ಬರೀ ಕಾಗದ, ಇದರಾಗ ಖರೇ ಏನೂ ಇಲ್ಲ, ಮಂದಿ ಹುಚ್ಚರಂಗ ಮಾಡಾಕತ್ತಾರ, ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ ಎಂದೆ. ಸಿಟ್ಟಾಗುತ್ತಾರೆ, ಸುಳ್ಳು ಬರೆಯಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಹಾಗೆಂದಿದ್ದರೆ ಹೇಳಲು ಉತ್ತರ ತಯಾರಿಟ್ಟುಕೊಂಡಿದ್ದೆ.

“ಬರಿ” ಎಂದರು.

“ಅಂದ್ರ? ಸುಳ್ಳ ಬರಿಲೇನು?”

“ಸುಳ್ಳೇನಲ್ಲ ಬಿಡು, ಸಂಧ್ಯಾ.”

ದನಿಯಲ್ಲಿ ಸಿಟ್ಟಿರಲಿಲ್ಲ. ಗೋಡೌನಿನ ಸ್ಟಾಕ್ ಬಗ್ಗೆ ಹೇಳುವಾಗ ಮಾತಾಡುವಂತೆ ಮಾತಾಡಿದರು. ನಾನೇ ಫೋನ್ ಇಟ್ಟೆ. ಆರು ವರ್ಷ ಒಂದು ಮಾತಾಡದವರು, ಈಗ ಎಲ್ಲ ಗೊತ್ತಿದ್ದವರ ಹಾಗೆ! ಹಾಗಿದ್ದರೆ ಆವಾಗಲೇ ಹೇಳಬೇಕಿತ್ತು. ಆವಾಗ ಅಂದರೆ ಯಾವಾಗ, ಅದೂ ಗೊತ್ತಿಲ್ಲ. ಇಡೀ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ತೊಳೆದೆ.

ಸೆಪ್ಟೆಂಬರ್ 4, ಗುರುವಾರ

ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ಅಹಲ್ಯಾ. ಮತ್ತೆ ಉಪದೇಶ ಶುರುವಾಗುತ್ತದೆ ಎಂದು ಹಲ್ಲು ಕಚ್ಚಿ ನಿಂತೆ. ಅವಳು ಒಳಗೆ ಬಂದು ಕೂತು, “ಎಲ್ಲಿ ನಿನ್ನ ಫಾರಂ, ತಗೊಂಬಾ” ಎಂದಳು.

ಕೊಟ್ಟೆ. ಪೆನ್ನು ತೆಗೆದಳು, ಬಹಳ ಹೊತ್ತು ಬರೆದಳು.

“ರಾತ್ರಿಯೆಲ್ಲ ಯೋಚ್ನೆ ಮಾಡ್ದೆ ಕಣೇ. ಇಲ್ಲಿ ಏನ್ ಕೇಳಿದಾರೆ? ನೀವು ಕಂಡದ್ದು ಬರೀರಿ ಅಂತ ಕೇಳಿದಾರೆ. ನಾನು ವಾರಕ್ಕೆರಡು ಸಲ ನಿನ್ನ ಮನೆಗೆ ಬರ್ತೀನಿ. ಈ ಆರು ವರ್ಷದಲ್ಲಿ ನಿನ್ನ ಯಜಮಾನ್ರನ್ನ ಈ ಸೋಫಾ ಮೇಲೆ ಎಷ್ಟು ಸಲ ನೋಡಿದೀನಿ ಹೇಳು? ಮೂರು ಸಲ. ನೀನು ಅವರ ಸುದ್ದಿ ಎತ್ತಿದ್ದು ನಂಗೆ ನೆನಪೇ ಇಲ್ಲ. ಹಬ್ಬ ಅಂತ ಅವತ್ತು ಏನೇನೋ ಮಾತಾಡ್ಬಿಟ್ಟೆ. ಆದ್ರೆ ಗೌರಿ ಮುಂದೆ ಇಟ್ಟ ಕಾಗದದಲ್ಲಿ ಸುಳ್ಳು ಬರೆಯೋಕಾಗಲ್ಲ ನಂಗೆ.”

ಸಹಿ ಹಾಕಿದಳು. ಅವಳ ಕಣ್ಣಲ್ಲಿ ನೀರಿತ್ತು. ಥ್ಯಾಂಕ್ಸ್ ಎಂದೆ. ನನಗೆ ಬೇಕಾದದ್ದು ಸಹಿ ತಾನೆ, ಸಿಕ್ಕಿತು. ಹಾಗಿದ್ದೂ ಅವಳು ಹೋದಮೇಲೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಅಷ್ಟು ಸುಲಭವಾಗಿ ಹಾಕಿಬಿಡಬೇಕಿತ್ತೇ? ಇನ್ನೊಂದು ಸಲ ಬೇಡ ಎಂದಿದ್ದರೆ ಏನಾಗುತ್ತಿತ್ತು?

ಸೆಪ್ಟೆಂಬರ್ 8, ಸೋಮವಾರ

ಎಲ್ಲ ತುಂಬಿದೆ. ಒಂದೇ ಮನೆ ಖಾಲಿ, ಕುಂಕುಮ ಮೆತ್ತಿದ್ದು.

ಬೇರೆಯಾದ ದಿನಾಂಕ. ಅವರು ಮೆಲ್ಬರ್ನ್‌ಗೆ ಹೊರಟ ದಿನ ಬರೆಯೋಣವೆಂದರೆ, ಅವತ್ತು ಸ್ಟೇಷನ್ನಿನಲ್ಲಿ ನಾನು ಅತ್ತದ್ದು ನೆನಪಿದೆ, ಅದು ಬೇರೆಯಾದ ದಿನವಲ್ಲ. ಗಡಿ ತೆರೆದ ದಿನ ಓಡಿಬಂದಿದ್ದರು, ಎರಡು ಕೆಜಿ ಪೇಡೆ ತಂದಿದ್ದರು, ಅದೂ ಅಲ್ಲ. ಮಾರ್ಚ್‌ನಲ್ಲಿ ನಾನು ರಿಡಂಡೆನ್ಸಿಗೆ ಹೆಸರು ಕೊಟ್ಟ ದಿನವೇ? ಅಷ್ಟೊತ್ತಿಗೆ ಅದು ಆಗಿಹೋಗಿತ್ತು. ಅಲ್ಲದಿದ್ದರೆ ನಾನು ಯಾಕೆ ಹೆಸರು ಕೊಡುತ್ತಿದ್ದೆ?

ಇದನ್ನು ಬರೆದಮೇಲೆ ಪೆನ್ನು ಕೆಳಗಿಟ್ಟು ಚಹಾ ಮಾಡಿಕೊಂಡೆ.

ಸುಮ್ಮನೆ ಒಂದು ದಿನಾಂಕ ಹಾಕಿದರಾಯಿತು, ಯಾರು ನೋಡುತ್ತಾರೆ? ಕೈ ಬರಲಿಲ್ಲ. ಇವರ ಭಾಗದಲ್ಲೂ ಅದೇ ದಿನಾಂಕ ಬರಬೇಕಲ್ಲ, ಕೇಳಿಬಿಡೋಣ ಎಂದು ಫೋನ್ ಮಾಡಿದೆ. “ರೀ, ಆ ಫಾರಂನ್ಯಾಗ ಒಂದು ತಾರೀಖು ಬರೀಬೇಕಂತ. ಯಾವುದು ಬರೀಲಿ?”

ತಡವರಿಸುತ್ತಾರೆ ಎಂದುಕೊಂಡೆ. ತಡವರಿಸಲಿಲ್ಲ. ಅವರ ಬಾಯಲ್ಲಿ ತಯಾರಿತ್ತು.

“ಎರಡು ಸಾವಿರದಾ ಇಪ್ಪತ್ತಮೂರು, ಆಗಸ್ಟ್ ಹದಿನೇಳು.”

“ಅವತ್ತೇನಾಗಿತ್ತು?”

“ನೀ ದಿನಾ ಬರಕೊಂತೀಯಲ್ಲ, ನೋಡು” ಎಂದರು.

ಕಪಾಟಿನ ಮೇಲಿನಿಂದ ಆ ವರ್ಷದ ಡೈರಿ ಇಳಿಸಿದೆ. ಹದಿನೇಳು, ಗುರುವಾರ. ನನ್ನದೇ ಅಕ್ಷರ: ‘ಇವರಿಗ ಅಪೆಂಡಿಕ್ಸ್ ಒಡೆದು ಆಪರೇಷನ್. ಬರ್ಲೇನ್ರಿ ಅಂದೆ, ಬ್ಯಾಡ ಸಣ್ಣದು ಅಂದ್ರು. ಆಡಿಟ್ ಇತ್ತು, ಒಳ್ಳೇದೇ ಆತು. ಬಟ್ಟೆ ಒಗೆದೆ. ದೋಸೆಗೆ ನೆನೆಹಾಕಿದೆ.’

ಹದಿನೆಂಟನೇ ತಾರೀಖಿನ ಪುಟದಲ್ಲಿ ಆಡಿಟ್ ಬಗ್ಗೆ ಬರೆದಿದ್ದೇನೆ. ಹತ್ತೊಂಬತ್ತರಲ್ಲಿ ದೋಸೆ ಬಗ್ಗೆ. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು, ಎಲ್ಲ ತಿರುವಿದೆ. ಆಪರೇಷನ್ ಹೇಗಾಯಿತು ಎಂದು ಎಲ್ಲೂ ಇಲ್ಲ.

ಹೋದ ತಿಂಗಳ ಹದಿನೇಳಕ್ಕೆ ನಿಹಾರಿಕಾ ಕೇಳಿದ್ದಳು, ಅಪ್ಪನಿಗೆ ಫೋನ್ ಮಾಡಿದೆಯಾ ಎಂದು.

ಸೆಪ್ಟೆಂಬರ್ 10, ಬುಧವಾರ, ಕ್ರೇಗಿಬರ್ನ್

ಬೆಳಗಿನ ವಿಮಾನಕ್ಕೆ ಬಂದೆ. ಇವರ ಸಹಿಗೆ. ಆನ್‌ಲೈನ್‌ನಲ್ಲಿ ಆಗುತ್ತದೆ ಎಂದು ಆ ಕೆಮ್ಮಿನಾಕೆ ಹೇಳಿದ್ದಳು, ಆದರೆ ಆ ಯಂತ್ರವನ್ನು ನಂಬುವವರು ಯಾರು? ಎರಡು ಸ್ವೆಟರ್ ಹಾಕಿಕೊಂಡು ಬಂದಿದ್ದೆ, ಇಲ್ಲಿ ಬಿಸಿಲು. ಬಸ್ಸಿನಲ್ಲೇ ಒಂದನ್ನು ಬಿಚ್ಚಿದೆ.

ಬಾಗಿಲು ತೆರೆದು “ಬಾ” ಎಂದರು. ರಜೆ ಹಾಕಿದ್ದರು. ಕೂದಲು ಬಹಳ ಬೆಳ್ಳಗಾಗಿದೆ, ವಿಡಿಯೋದಲ್ಲಿ ಅಷ್ಟು ಕಾಣುವುದಿಲ್ಲ. ಮೇಜಿನ ಮೇಲೆ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿಪುಡಿ ಇಟ್ಟಿದ್ದರು. ರೊಟ್ಟಿ ತೆಳ್ಳಗೆ, ದುಂಡಗೆ, ನನಗಿಂತ ಚೆನ್ನಾಗಿ ಬಡಿದಿದ್ದರು.

“ಯಾವಾಗ ಕಲತ್ರಿ?”

“ಆಪರೇಷನ್ ಆದಮ್ಯಾಲ. ಒಂದು ತಿಂಗಳ ಮನಿಯಾಗ ಇದ್ನಲ್ಲ. ಯೋಗೀಶನ ತಾಯಿ ಊರಿಂದ ಬಂದಿದ್ರು, ಅವರು ಕಲಿಸಿದ್ರು.”

ಒಂದು ತಿಂಗಳು ಎಂದು ನನಗೆ ಗೊತ್ತೇ ಇರಲಿಲ್ಲ. ಮೂರು ರೊಟ್ಟಿ ತಿಂದೆ. ಆಮೇಲೆ ಫಾರಂ ತೆಗೆದೆ. ಕುಂಕುಮ ನೋಡಿ ಇದೇನಿದು ಎಂದರು. ಪೂಜೆಯ ಕಥೆ ಹೇಳಿದೆ. ಬಾಯಿ ತುಂಬ ನಕ್ಕರು, ನನಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದಮೇಲೆ ಕಣ್ಣೊರೆಸಿಕೊಂಡು ಸಹಿ ಹಾಕಿದರು. ಕೆಂಪು ಕಲೆಯ ಮೇಲೆಯೇ ಒತ್ತಿ ದಿನಾಂಕ ಬರೆದೆ, ಮೂಡಿತು.

ಅಲ್ಲಿಗೆ ಬಂದ ಕೆಲಸ ಮುಗಿದಿತ್ತು. ಏಳಲಿಲ್ಲ.

“ಎಲ್ಲೆ ಕೊಯ್ದಾರ, ತೋರಸ್ರಿ” ಎಂದೆ.

ನನ್ನ ಮುಖವನ್ನೇ ನೋಡಿದರು. “ಇದನ್ನ ಯಾವ ಫಾರಂನ್ಯಾಗ ಕೇಳ್ಯಾರ?”

“ಯಾವ ಫಾರಂನ್ಯಾಗೂ ಕೇಳಿಲ್ರಿ. ನಾನ ಕೇಳಾಕತ್ತೀನಿ.”

ಎದ್ದು ನಿಂತು ಅಂಗಿ ಎತ್ತಿದರು. ಹೊಕ್ಕಳದ ಬಲಕ್ಕೆ, ಕೆಳಗೆ, ನನ್ನ ಬೆರಳಿಗಿಂತ ಉದ್ದದ ಗೀರು. ಸಣ್ಣದು ಎಂದಿದ್ದರು. ಮುಟ್ಟಿದೆ. ಚರ್ಮ ಅಲ್ಲಿ ಗಂಟುಗಂಟಾಗಿದೆ.

“ಬ್ಯಾಡ ಅಂದಿದ್ರಲ್ರಿ ನೀವು” ಎಂದೆ. ನನ್ನ ದನಿ ನನಗೇ ಜಗಳದ ಹಾಗೆ ಕೇಳಿಸಿತು.

“ಅಂದಿದ್ದೆ. ಬ್ಯಾಡ ಅಂದ್ರೂ ಬರ್ತಿ ಅಂತ ಆರು ದಿನಾ ಆ ವಾರ್ಡಿನ ಬಾಗಲಾ ನೋಡಕೋತ ಮಲಗಿದ್ದೆ” ಎಂದರು. ಅಂಗಿ ಕೆಳಗಿಳಿಸಿ, ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು. ನಲ್ಲಿಯ ಸದ್ದು ಕೇಳುತ್ತಿತ್ತು. ನಾನು ಅಲ್ಲೇ ಕೂತು ಚೆನ್ನಾಗಿ ಅತ್ತೆ.

ಸೆಪ್ಟೆಂಬರ್ 11, ಗುರುವಾರ, ಗಿರಾವೀನ್

ಫಾರಂ ಕಳಿಸಿದೆ. ಆಗಸ್ಟ್ 17, 2023. ಹದಿನಾಲ್ಕು ವರ್ಷ ಕ್ಲೇಮು ನೋಡಿದವಳು ಹೇಳುತ್ತಿದ್ದೇನೆ, ಅದರಲ್ಲಿ ಸುಳ್ಳಿಲ್ಲ.